ನೆಲಕ್ಕೆ ಬೀಳದ ಎಣ್ಣೆಯನ್ನು ಹುಡುಕಿ

ಸ್ಕೂಟರ್ ನಿಲ್ಲಿಸಿದ ಜಾಗದಲ್ಲಿ ನಾಲ್ಕು ಹನಿ ಎಣ್ಣೆ ಕಂಡರೆ ಸಾಕು, ನಮ್ಮಲ್ಲಿ ಬಹಳ ಜನಕ್ಕೆ ಎದೆ ಧಸಕ್ ಅನ್ನುತ್ತದೆ. ಕೂಡಲೇ ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋಗುತ್ತಾರೆ. ಆತ ಒಂದು ಸಲ ಬಗ್ಗಿ ನೋಡಿ ‘ಎಂಜಿನ್ ಬಿಚ್ಚಬೇಕು’ ಅಂತಾನೆ. ಇಲ್ಲವೇ ‘ಹಳೇ ಗಾಡಿ, ಸೋರಿದ್ರೆ ಸೋರ್ಲಿ ಬಿಡಿ’ ಅಂತಾನೆ. ನೋಡದೆ ಆಡಿದರೆ ಈ ಎರಡು ಮಾತೂ ತಪ್ಪು ಎಂದು ನನ್ನ ಅಭಿಪ್ರಾಯ. 2003ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಒಂದೇ ಟೂ ಸ್ಟ್ರೋಕ್ ಚೇತಕ್ಕನ್ನು ಇವತ್ತಿನವರೆಗೂ ಓಡಿಸಿ, ಸಾಕಷ್ಟು ದುಡ್ಡು ಕಳೆದು, ಒಂದು ಸಲ ಬಿದ್ದು ಏಟು ತಿಂದು ಕಲಿತದ್ದನ್ನು ಬರೆಯುತ್ತಿದ್ದೇನೆ.

ಈಗ ಇದನ್ನೆಲ್ಲ ಬರೆಯೋದು ಯಾಕೆ ಅಂತ ಕೆಲವರು ಕೇಳಬಹುದು. ಬಜಾಜ್‌ನವರು ಸ್ಕೂಟರ್ ಮಾಡುವುದನ್ನೇ ಬಿಡುತ್ತೇವೆ ಎಂದು ಹೇಳಿದ್ದು 2009ರ ಕೊನೆಗೆ. ಈಗ ಅದೇ ಹೆಸರಿನಲ್ಲಿ ಬ್ಯಾಟರಿ ಗಾಡಿ ಬಂದಿದೆ, ಅದಕ್ಕೂ ಇದಕ್ಕೂ ಹೆಸರು ಬಿಟ್ಟರೆ ನಂಟಿಲ್ಲ. ಆದರೆ ಚಳ್ಳಕೆರೆ ಕಡೆಯ ಹಳ್ಳಿಗಳಲ್ಲಿ ಹಳೇ ಚೇತಕ್, ಸೂಪರ್ ಇನ್ನೂ ಅಲ್ಲೊಂದು ಇಲ್ಲೊಂದು ಓಡಾಡುತ್ತಿವೆ. ಮುಂದೆ ಕಾಲಿಡುವ ಜಾಗದಲ್ಲಿ ಒಂದು ಮೂಟೆ ಬೀಜ, ಹಿಂದೆ ಒಂದು ಹೊರೆ ಸೊಪ್ಪೆ ಹಾಕಿಕೊಂಡು ಹೊಲದ ದಾರಿಯಲ್ಲಿ ಬರಲು ಅನುಕೂಲ. ಮಳೆ ನಂಬಿ ಬೆಳೆಯುವ ನಮ್ಮಂಥವರಿಗೆ ಹೊಸ ಗಾಡಿಯ ಕಂತು ಕಟ್ಟುವುದಕ್ಕಿಂತ ಹಳೆಯದನ್ನು ಸರಿಯಾಗಿ ಇಟ್ಟುಕೊಳ್ಳುವುದೇ ಲೇಸು. ಸರಿಯಾಗಿ ಇಟ್ಟುಕೊಳ್ಳಬೇಕಾದರೆ ಅದು ಎಲ್ಲಿ ಸೋರುತ್ತದೆ ಅಂತ ನಮಗೇ ಗೊತ್ತಿರಬೇಕು. ಟೂ ಸ್ಟ್ರೋಕ್ ಕೈ ಪಳಗಿದ ಹಳೇ ಮೇಸ್ತ್ರಿಗಳು ಕಮ್ಮಿ ಆಗ್ತಾ ಇದ್ದಾರೆ. ಈಗಿನ ಹುಡುಗರು ಬುದ್ಧಿವಂತರೇ, ಆದರೆ ಅವರು ಈ ಎಂಜಿನ್ ಬಿಚ್ಚಿದ್ದೇ ಕಡಿಮೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಈ ಗಾಡಿಯಲ್ಲಿ ಎಣ್ಣೆ ಎರಡು ಕಡೆ ಇದೆ. ಒಂದು ಪೆಟ್ರೋಲಿಗೆ ಬೆರೆಸುವ ಟೂ ಟಿ ಎಣ್ಣೆ. ಲೀಟರಿಗೆ 20 ಮಿಲಿ ಹಾಕಿದರೆ ಶೇಕಡಾ 2 ಆಯಿತು. ಅದು ಪಿಸ್ಟನ್, ಬೋರು, ಕ್ರ್ಯಾಂಕಿಗೆ ಜಿಡ್ಡು ಕೊಟ್ಟು ಪೆಟ್ರೋಲ್ ಜೊತೆಗೇ ಸುಟ್ಟು ಹೋಗುತ್ತದೆ. ಇನ್ನೊಂದು ಗೇರ್ ಪೆಟ್ಟಿಗೆಯ ಎಣ್ಣೆ, 30 ನಂಬರಿನದು, ಹತ್ತಿರ ಹತ್ತಿರ ಕಾಲು ಲೀಟರ್. ಕ್ಲಚ್ಚೂ ಅದರಲ್ಲೇ ಮುಳುಗಿರುತ್ತದೆ. ಈ ಎರಡು ಎಣ್ಣೆ ಒಂದಕ್ಕೊಂದು ಸೇರಬಾರದು. ಎರಡಕ್ಕೂ ನಡುವೆ ಕಾವಲು ನಿಂತಿರುವುದು ಕ್ರ್ಯಾಂಕಿನ ಮೇಲೆ ಕೂತ ಒಂದು ರಬ್ಬರ್ ಸೀಲು, ಅಷ್ಟೇ. ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಒರೆಸದೆ ಹುಡುಕಬೇಡಿ

ಹೊಲದ ಒಡ್ಡು ಒಡೆದಾಗ ನೀರು ಕಾಣುವುದು ಕೆಳಗಡೆ. ಇಲಿ ಬಿಲ ಇರುವುದು ಹತ್ತು ಮಾರು ಮೇಲೆ. ಕೆಳಗೆ ಮಣ್ಣು ಹಾಕಿ ತುಳಿದರೆ ಏನೂ ಪ್ರಯೋಜನವಿಲ್ಲ ಅನ್ನುವುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಎಂಜಿನ್ ವಿಷಯಕ್ಕೆ ಬಂದಾಗ ಮಾತ್ರ ಅದನ್ನು ಮರೆತುಬಿಡುತ್ತೇವೆ. ಹನಿ ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲಿಯ ನಟ್ಟನ್ನೇ ಬಿಗಿ ಮಾಡುತ್ತೇವೆ. ಅದು ಸಾಮಾನ್ಯವಾಗಿ ಅಡಿಯ ಡ್ರೈನ್ ನಟ್ಟು, ಯಾಕೆಂದರೆ ಅದೇ ಎಲ್ಲಕ್ಕಿಂತ ಕೆಳಗಿರುವುದು. ಇನ್ನೂ ಇನ್ನೂ ಬಿಗಿ ಮಾಡಿ ಅಲ್ಯುಮಿನಿಯಂ ಮರೆ ಕಿತ್ತುಕೊಂಡು ಬಂದರೆ ಆಗ ನಿಜವಾದ ಸೋರಿಕೆ ಶುರು. ನಾನೇ ಒಂದು ಸಲ ಹಾಗೆ ಮಾಡಿ ಮರೆ ಹಾಕಿಸಲು ಚಿತ್ರದುರ್ಗಕ್ಕೆ ಹೋಗಿ ಬಂದೆ. ನಿಜವಾಗಿ ಬೇಕಾಗಿದ್ದದ್ದು ಒಂದು ಹೊಸ ವಾಷರ್.

ಆದ್ದರಿಂದ ಎಂಜಿನ್ ತಣ್ಣಗಿದ್ದಾಗ ಒಂದು ಹಳೇ ಬ್ರಶ್ಶು, ಒಂದು ಬಟ್ಟಲು ಡೀಸೆಲ್ ತೆಗೆದುಕೊಂಡು ಎಂಜಿನ್ನನ್ನು ಪೂರ್ತಿ ತೊಳೆಯಿರಿ. ಸೀಮೆಎಣ್ಣೆ ಇದ್ದರೆ ಇನ್ನೂ ಒಳ್ಳೇದು, ಈಗ ಸಿಗುವುದೇ ಕಷ್ಟ. ಪೆಟ್ರೋಲಿನಲ್ಲಿ ಮಾತ್ರ ತೊಳೆಯಬೇಡಿ. ಆಮೇಲೆ ಸೋಪಿನ ಪುಡಿ ನೀರು ಹಾಕಿ ಉಜ್ಜಿ, ಬಿಸಿಲಲ್ಲಿ ಒಣಗಿಸಿ. ಅಡಿಭಾಗಕ್ಕೆ, ಸಂದುಗಳಿಗೆ ಸೀಮೆಸುಣ್ಣದ ಪುಡಿ ಹಚ್ಚಿ. ಮಕ್ಕಳ ಮುಖಕ್ಕೆ ಹಾಕುವ ಪೌಡರ್ ಆದೀತು, ವಿಭೂತಿ ಆದರೂ ಆದೀತು. ಒಂದೆರಡು ಕಿಲೋಮೀಟರ್ ಮೆಲ್ಲಗೆ ಹೋಗಿ ಬಂದು, ಕೆಳಗೆ ರಟ್ಟು ಹಾಸಿ, ಸ್ಟ್ಯಾಂಡ್ ಹಾಕಿ ಬಿಡಿ. ಅರ್ಧ ಗಂಟೆ ಬಿಟ್ಟು ಬ್ಯಾಟರಿ ಹಿಡಿದು ನೋಡಿ. ಪುಡಿ ಎಲ್ಲಿ ಮೊದಲು ಒದ್ದೆಯಾಗಿದೆಯೋ, ಅದರಲ್ಲೂ ಎಲ್ಲಕ್ಕಿಂತ ಮೇಲೆ ಎಲ್ಲಿ ಒದ್ದೆಯಾಗಿದೆಯೋ, ಅದೇ ಬಿಲ.

ತೊಳೆಯುವುದರಿಂದ ಇನ್ನೊಂದು ಲಾಭ ಇದೆ. ನಮ್ಮ ಕಡೆ ಕೆಂಪು ಧೂಳು. ಸೋರಿದ ಎಣ್ಣೆಗೆ ಈ ಧೂಳು ಮೆತ್ತಿಕೊಂಡು ಗಾರೆಯ ಹಾಗೆ ಕೂರುತ್ತದೆ. ಬೋರಿನ ರೆಕ್ಕೆಗಳ ನಡುವೆ ಅದು ತುಂಬಿದರೆ ಫ್ಲೈವೀಲ್ ಫ್ಯಾನಿನ ಗಾಳಿ ಒಳಗೆ ಹೋಗುವುದಿಲ್ಲ. ಎಂಜಿನ್ ಕಾಯುತ್ತದೆ. ಸೋರುವ ಎಣ್ಣೆಗಿಂತ ಈ ಗಾರೆಯಿಂದ ಕೆಡುವುದು ಜಾಸ್ತಿ.

ಬಿಲ ಸಿಕ್ಕ ಮೇಲೆ ಬಹುಪಾಲು ಕೆಲಸ ಸಣ್ಣದೇ. ಡ್ರೈನ್ ನಟ್ಟಿನ ವಾಷರ್, ಕ್ಲಚ್ ಮುಚ್ಚಳದ ರಬ್ಬರ್ ಉಂಗುರ, ಕ್ಲಚ್ ಕೇಬಲ್ ಎಳೆಯುವ ತೋಳಿನ ಬುಡದ ಉಂಗುರ, ಕಿಕ್ಕರ್ ರಾಡು ಹೊರಬರುವ ಜಾಗ, ಗೇರ್ ಕೇಬಲ್ ಬಂದು ಸೇರುವ ಡಬ್ಬಿಯ ಗ್ಯಾಸ್ಕೆಟ್. ಇವು ಯಾವುದಕ್ಕೂ ಎಂಜಿನ್ ಹೋಳು ಮಾಡಬೇಕಾಗಿಲ್ಲ. ಸೈಲೆನ್ಸರ್ ಬಾಯಲ್ಲಿ ಟಾರಿನ ಹಾಗೆ ಕರ್ರಗೆ ಇಳಿದಿದ್ದರೆ ಅದು ಸುಡದೆ ಉಳಿದ ಟೂ ಟಿ ಎಣ್ಣೆ. ಅಲ್ಲಿಯ ಬೋಲ್ಟು ಸಡಿಲವಾಗಿದೆ, ಇಲ್ಲವೇ ‘ಎಂಜಿನ್‌ಗೆ ಒಳ್ಳೇದು’ ಅಂತ ನೀವು ಎರಡು ಮುಚ್ಚಳ ಜಾಸ್ತಿ ಹಾಕುತ್ತಿದ್ದೀರಿ.

ಕಾರ್ಬುರೇಟರ್ ಡಬ್ಬಿಯ ಕೆಳಗೆ ಜಿಡ್ಡಾಗಿದ್ದರೆ ಮಾತ್ರ ಸ್ವಲ್ಪ ನಿಲ್ಲಿ. ಅದು ಎಣ್ಣೆ ಸೋರಿಕೆ ಅಲ್ಲ, ಪೆಟ್ರೋಲ್ ಸೋರಿಕೆ. ಪೆಟ್ರೋಲ್ ಆರಿಹೋಗಿ ಅದರಲ್ಲಿದ್ದ ಟೂ ಟಿ ಎಣ್ಣೆ ಮಾತ್ರ ಉಳಿದಿರುತ್ತದೆ. ನಾವು ಗಾಡಿ ನಿಲ್ಲಿಸುವುದು ಎಲ್ಲಿ? ದನದ ಕೊಟ್ಟಿಗೆಯಲ್ಲಿ, ಶೇಂಗಾ ಹೊಟ್ಟಿನ ಪಕ್ಕ, ಬಣವೆ ಮಗ್ಗುಲಲ್ಲಿ. ಅಲ್ಲೇ ಕೂತು ಯಾರೋ ಬೀಡಿ ಹಚ್ಚುತ್ತಾರೆ. ಫ್ಲೋಟಿನ ಸೂಜಿ ಸವೆದಿದ್ದರೆ ಬದಲಿಸಿ. ಅಲ್ಲಿವರೆಗೆ ರಾತ್ರಿ ಪೆಟ್ರೋಲ್ ಕಾಕ್ ಮುಚ್ಚದೆ ಮಲಗಬೇಡಿ.

ಹಿಂದಿನ ಚಕ್ರದ ಒಳಗೆ

ಈ ಗಾಡಿಯಲ್ಲಿ ಸರಪಳಿ ಇಲ್ಲ. ಗೇರ್ ಪೆಟ್ಟಿಗೆಯ ಶಾಫ್ಟೇ ನೇರವಾಗಿ ಹೊರಗೆ ಬಂದು ಹಿಂದಿನ ಚಕ್ರಕ್ಕೆ ಸೇರುತ್ತದೆ. ಅದು ಹೊರಬರುವ ಕಡೆ ಒಂದು ಸೀಲಿದೆ. ಅದು ಹೋದರೆ ಎಣ್ಣೆ ನೆಲಕ್ಕೆ ಬೀಳುವುದಕ್ಕೆ ಮೊದಲು ಬ್ರೇಕ್ ಡ್ರಮ್ಮಿನ ಒಳಗೆ ಬೀಳುತ್ತದೆ. ಶೂಗಳು ಎಣ್ಣೆ ಕುಡಿಯುತ್ತವೆ.

2011ರ ಮುಂಗಾರಿನಲ್ಲಿ ನನ್ನ ಗಾಡಿಯ ಹಿಂದಿನ ಬ್ರೇಕ್ ಹಿಡಿಯದಾಯಿತು. ಪೇಟೆಯ ಒಬ್ಬ ಮೆಕ್ಯಾನಿಕ್ ಹೊಸ ಶೂ ಹಾಕಿ ಕಳಿಸಿದ. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ, ಮತ್ತೆ ಹೊಸ ಶೂ. ಡ್ರಮ್ಮು ಬಿಚ್ಚಿದಾಗ ಒಳಗೆ ಜಿಡ್ಡಿದ್ದದ್ದನ್ನು ನಾನೂ ನೋಡಿದ್ದೆ. ‘ಗ್ರೀಸು ಕರಗಿರುತ್ತೆ’ ಅಂದ, ನಾನೂ ಹೌದೆಂದೆ. ಎಲ್ಲಿಂದ ಬಂತು ಅಂತ ಅವನೂ ಯೋಚಿಸಲಿಲ್ಲ, ನಾನೂ ಕೇಳಲಿಲ್ಲ. ಬಿತ್ತನೆ ಬೀಜದ ಮೂಟೆ ಮುಂದಿಟ್ಟುಕೊಂಡು, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಕೆರೆ ಏರಿಯಿಂದ ಇಳಿಯುವಾಗ ಎದುರಿಗೆ ಕುರಿ ಹಿಂಡು ಬಂತು. ಹಿಂದಿನ ಬ್ರೇಕ್ ತುಳಿದರೆ ಏನೂ ಇಲ್ಲ. ಗಾಬರಿಯಲ್ಲಿ ಮುಂದಿನದನ್ನು ಗಟ್ಟಿಯಾಗಿ ಹಿಡಿದೆ. ಜಲ್ಲಿ ಮೇಲೆ ಗಾಡಿ ಮಲಗಿತು. ನನಗೆ ಮಂಡಿ ತರಚಿತು ಅಷ್ಟೇ, ಅವಳ ಬಲ ಮುಂಗೈ ಮೂಳೆ ಮುರಿಯಿತು. ಆ ವರ್ಷ ಮಳೆ ಸುಮಾರಾಗಿ ಬಂದಿತ್ತು, ಕಳೆ ತೆಗೆಯಲು ಅವಳ ಕೈ ಇರಲಿಲ್ಲ. ಈಗಲೂ ತುಂಬಿದ ಕೊಡ ಎತ್ತಿದರೆ ನೋವು ಅಂತಾಳೆ.

ಆ ಸೀಲಿನ ಬೆಲೆ ಹೋಟೆಲಿನ ಒಂದು ಊಟದಷ್ಟೂ ಇರಲಿಲ್ಲ.

ಹಿಂದಿನ ಚಕ್ರದ ಒಳಮಗ್ಗುಲಲ್ಲಿ, ಟೈರಿನ ಅಂಚಿನಲ್ಲಿ ಎಣ್ಣೆ ಗೆರೆ ಕಂಡರೆ ಅವತ್ತೇ ಗಾಡಿ ನಿಲ್ಲಿಸಿ. ಡ್ರಮ್ಮು ಬಿಚ್ಚಿಸಿ, ಸೀಲು ಬದಲಿಸಿ. ಎಣ್ಣೆ ಕುಡಿದ ಶೂಗಳನ್ನು ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಹಾಕುವುದು ಬೇಡ, ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಸೀಲು ಬದಲಿಸುವ ಮೊದಲು ಗೇರ್ ಎಣ್ಣೆಯ ಮಟ್ಟವನ್ನೂ ನೋಡಿ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿದಾಗ ಮಟ್ಟದ ಕಂಡಿಯ ಅಂಚಿಗೆ ಬಂದರೆ ಸಾಕು. ‘ಇರಲಿ’ ಅಂತ ಗಾಡಿ ವಾಲಿಸಿ ಜಾಸ್ತಿ ಹುಯ್ದಿದ್ದರೆ ಒಳ್ಳೇ ಸೀಲೂ ಸೋರುತ್ತದೆ. ಗೇರ್ ಪೆಟ್ಟಿಗೆಗೆ ಉಸಿರಾಡಲು ಒಂದು ಸಣ್ಣ ಕಂಡಿ ಇರುತ್ತದೆ, ಧೂಳಿನಿಂದ ಅದು ಮುಚ್ಚಿದ್ದರೂ ಹೀಗೇ ಆಗುತ್ತದೆ.

ನೆಲ ಒಣಗಿದೆ, ಎಣ್ಣೆ ಇಲ್ಲ

ಇಷ್ಟೂ ಕಣ್ಣಿಗೆ ಕಾಣುವ ಸೋರಿಕೆ. ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಕಾಣದ ಸೋರಿಕೆಯದು. ಎಂಜಿನ್ ತಿನ್ನುವುದು ಅದೇ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆ ಕಮ್ಮಾರನ ತಿದಿ ಇದ್ದ ಹಾಗೆ. ಪಿಸ್ಟನ್ ಮೇಲೆ ಹೋದಾಗ ಎಳೆಯುತ್ತದೆ, ಕೆಳಗೆ ಬಂದಾಗ ಒತ್ತುತ್ತದೆ. ಕ್ರ್ಯಾಂಕಿನ ಎರಡು ಕಡೆ ಎರಡು ಸೀಲು ಇವೆ, ಕ್ಲಚ್ ಕಡೆ ಒಂದು, ಫ್ಲೈವೀಲ್ ಕಡೆ ಒಂದು. ಕ್ಲಚ್ ಕಡೆಯದು ಹೋದರೆ ತಿದಿ ಗೇರ್ ಎಣ್ಣೆಯನ್ನು ಒಳಗೆ ಎಳೆದು ಸುಟ್ಟುಬಿಡುತ್ತದೆ. ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಸೈಲೆನ್ಸರಿನಿಂದ ದಟ್ಟ ಹೊಗೆ ಬರುತ್ತದೆ, ಪ್ಲಗ್ ಪದೇ ಪದೇ ಒದ್ದೆಯಾಗುತ್ತದೆ. ಬೆಳಗ್ಗೆ ಮೊದಲ ಕಿಕ್ಕಿಗೆ ಹೊಗೆ ಬರುವುದು ಈ ಜಾತಿ ಎಂಜಿನ್ನಿಗೆ ಸಹಜ. ಎರಡು ಮೈಲಿ ಓಡಿ ಬಿಸಿಯಾದ ಮೇಲೂ ಹಿಂದೆ ಬರುವವರು ಕೆಮ್ಮುವಂತಿದ್ದರೆ ಸಹಜ ಅಲ್ಲ.

ಫ್ಲೈವೀಲ್ ಕಡೆಯದು ಹೋದರೆ ಇನ್ನೂ ಕಳ್ಳ. ಅಲ್ಲಿ ಒಳಗೆ ಹೋಗುವುದು ಎಣ್ಣೆ ಅಲ್ಲ, ಗಾಳಿ. ಮಿಶ್ರಣ ತೆಳುವಾಗುತ್ತದೆ. ಎಕ್ಸಲೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಪ್ಲಗ್ ಬೆಳ್ಳಗೆ ಆಗುತ್ತದೆ, ಎಂಜಿನ್ ಕಾಯುತ್ತದೆ, ಒಂದು ದಿನ ಏರಿನಲ್ಲಿ ಪಿಸ್ಟನ್ ಕಚ್ಚಿಕೊಂಡು ನಿಲ್ಲುತ್ತದೆ. ಫ್ಲೈವೀಲ್ ಬಿಚ್ಚಿ ನೋಡಿದರೆ ಹಿಂದೆ ಮ್ಯಾಗ್ನೆಟ್ ತಟ್ಟೆ ಎಲ್ಲ ಜಿಡ್ಡು.

ನಮ್ಮ ಊರಿನ ಒಬ್ಬರು ತಮ್ಮ ಗಾಡಿ ಒಂದು ಹನಿ ಸೋರಲ್ಲ ಅಂತ ಯಾವಾಗಲೂ ಹೇಳಿಕೊಳ್ಳುತ್ತಿದ್ದರು. ನನ್ನ ಗಾಡಿ ಕೆಳಗಿನ ಕಲೆ ನೋಡಿ ನಗುತ್ತಿದ್ದರು. ಅವರ ಗಾಡಿ ಹೊಗೆ ಜಾಸ್ತಿ ಬಿಡಲು ಶುರುವಾಯಿತು. ಟೂ ಟಿ ಎಣ್ಣೆ ಜಾಸ್ತಿಯಾಯಿತು ಅಂತ ಅದನ್ನು ಅರ್ಧಕ್ಕೆ ಇಳಿಸಿದರು. ಹೊಗೆ ಕಡಿಮೆ ಆಗಲಿಲ್ಲ, ಇನ್ನೂ ಇಳಿಸಿದರು. ಅಲ್ಲಿ ಸುಡುತ್ತಿದ್ದದ್ದು ಗೇರ್ ಎಣ್ಣೆ. ಕೊನೆಗೆ ಜಿಡ್ಡು ಸಾಲದೆ ಪಿಸ್ಟನ್ ಸೀಜಾಯಿತು, ಬೋರಿನಲ್ಲಿ ಬೆರಳಿಗೆ ಸಿಗುವಷ್ಟು ಗೀರು. ಗೇರ್ ಪೆಟ್ಟಿಗೆ ಬಿಚ್ಚಿದಾಗ ಎಣ್ಣೆ ಬರೀ ತಳಕ್ಕೆ ಅಂಟಿತ್ತು. ಗಾಡಿ ಗುಜರಿಗೆ ಹೋಯಿತು. ನನ್ನ ಕಲೆ ಬಿಡುವ ಗಾಡಿ ಇನ್ನೂ ಓಡುತ್ತಿದೆ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಅವರು ನನಗಿಂತ ಗಾಡಿಯನ್ನು ಚೆನ್ನಾಗಿ ನೋಡಿಕೊಳ್ಳುವವರು, ನೋಡಿದ ಜಾಗ ಮಾತ್ರ ಬೇರೆ.

ಹಾಗಾದರೆ ಕಾಣದ್ದನ್ನು ಕಾಣುವುದು ಹೇಗೆ? ಅಳೆಯಬೇಕು. ಮಕ್ಕಳ ಔಷಧಿ ಬಾಟಲಿಯ ಹಾಗೆ ಗೆರೆ ಇರುವ ಒಂದು ಬಾಟಲಿ ಸಾಕು. ಗೇರ್ ಎಣ್ಣೆ ಬದಲಿಸುವಾಗ ಎಷ್ಟು ಹಾಕಿದಿರಿ ಅಂತ ಬರೆದಿಡಿ. ಐನೂರು ಕಿಲೋಮೀಟರ್ ಆದ ಮೇಲೆ ಎಂಜಿನ್ ಬೆಚ್ಚಗಿದ್ದಾಗ ಪೂರ್ತಿ ಇಳಿಸಿ, ನಿಧಾನವಾಗಿ ಬಸಿಯಲು ಬಿಟ್ಟು ಅಳೆಯಿರಿ. ಒಳಗೆ ಅಂಟಿಕೊಂಡು ಸ್ವಲ್ಪ ಕಡಿಮೆ ಬರುವುದು ಸರಿ. ನನ್ನದು 2016ರಲ್ಲಿ 250 ಹಾಕಿದ್ದಕ್ಕೆ 160 ಬಂತು, ಹೊರಗಿನ ಸೋರಿಕೆ ಮಾತ್ರ ಹಾಕಿದ್ದ ರಟ್ಟಿನ ಮೇಲೆ ಎರಡು ಹನಿ. ಉಳಿದದ್ದು ಎಲ್ಲಿಗೆ ಹೋಯಿತು ಅಂತ ಹೇಳಲು ಮೇಸ್ತ್ರಿ ಬೇಕಾಗಲಿಲ್ಲ. ಕೆಲವು ಸಲ ಉಲ್ಟಾ ಆಗಿ ಹಾಕಿದ್ದಕ್ಕಿಂತ ಜಾಸ್ತಿ ಬರುತ್ತದೆ, ಎಣ್ಣೆ ನೀರಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಅದೂ ಅದೇ ಸೀಲಿನ ಕೆಲಸ, ತಿದಿ ಒತ್ತಿದಾಗ ಮಿಶ್ರಣ ಈ ಕಡೆ ನುಗ್ಗಿರುತ್ತದೆ. ಇಳಿಸಿದ ಎಣ್ಣೆಯನ್ನು ಬದುವಿಗೆ, ಬಾವಿ ಹತ್ತಿರ ಚೆಲ್ಲಬೇಡಿ.

ಫ್ಲೈವೀಲ್ ಕಡೆಯ ಸೀಲನ್ನು ಫ್ಲೈವೀಲು, ಮ್ಯಾಗ್ನೆಟ್ ತಟ್ಟೆ ತೆಗೆದು ಹೊರಗಿನಿಂದಲೇ ಬದಲಿಸಬಹುದು. ಪುಲ್ಲರ್ ಇಲ್ಲದೆ ಸುತ್ತಿಗೆಯಲ್ಲಿ ಬಡಿದು ಫ್ಲೈವೀಲ್ ತೆಗೆಯುವವರ ಕೈಗೆ ಕೊಡಬೇಡಿ. ಕ್ಲಚ್ ಕಡೆಯದಕ್ಕೆ ಮಾತ್ರ ಎಂಜಿನ್ ಎರಡು ಹೋಳು ಮಾಡಲೇಬೇಕು. ‘ಎಂಜಿನ್ ಬಿಚ್ಚಬೇಕು’ ಎಂಬ ಮಾತು ನಿಜವಾಗುವುದು ಇಲ್ಲಿ. ಬಿಚ್ಚಿಸಿದ ಮೇಲೆ ಕೂಲಿ ಹೇಗೂ ಕೊಡಬೇಕು, ಆದ್ದರಿಂದ ಎರಡೂ ಸೀಲು, ಕ್ರ್ಯಾಂಕಿನ ಬೇರಿಂಗು, ಗ್ಯಾಸ್ಕೆಟ್ಟು ಒಟ್ಟಿಗೆ ಹಾಕಿಸಿ. ಬೇರಿಂಗ್ ಸವೆದಿದ್ದರೆ ಕ್ರ್ಯಾಂಕ್ ಕುಣಿಯುತ್ತದೆ, ಹೊಸ ಸೀಲು ತಿಂಗಳು ಬಾಳುವುದಿಲ್ಲ. ಬಿಚ್ಚಿಸುವ ಮುಂಚೆ ಫ್ಲೈವೀಲನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಇದು ನಿಮಗೇ ತಿಳಿಯುತ್ತದೆ. ಸೀಲು ಬದಲಿಸಿದ ಮೇಲೂ ನಾಲ್ಕು ದಿನ ಹೊಗೆ ಬರುತ್ತದೆ. ಸೈಲೆನ್ಸರಿನಲ್ಲಿ ಕೂತ ಹಳೇ ಎಣ್ಣೆ ಸುಡಬೇಕಲ್ಲ. ಅದನ್ನು ನೋಡಿ ಮೇಸ್ತ್ರಿ ಜೊತೆ ಜಗಳಕ್ಕೆ ಹೋಗಬೇಡಿ, ನಾನು ಹೋಗಿದ್ದೆ.

ಅಂಟು ಬಳಿಯುವ ಚಟದ ಬಗ್ಗೆಯೂ ಒಂದು ಮಾತು. ಅಂಗಡಿಯಲ್ಲಿ ತರಾವರಿ ಅಂಟು ಸಿಗುತ್ತವೆ. ಎಣ್ಣೆ ಇರುವ ಕಡೆ ಹೊರಗಿನಿಂದ ಬಳಿದ ಯಾವ ಅಂಟೂ ನಿಲ್ಲುವುದಿಲ್ಲ. ನಿಂತರೂ ಬಿಲ ಮುಚ್ಚಿ ಇನ್ನೊಂದು ಕಡೆ ದಾರಿ ಮಾಡುತ್ತದೆ. ಮುಂದೆ ನಿಜವಾದ ರಿಪೇರಿಗೆ ಬಿಚ್ಚಿದಾಗ ಅದನ್ನು ಕೆರೆಯುವುದೇ ಅರ್ಧ ದಿನದ ಕೆಲಸ. ಇನ್ನು ಕೆಲವರು ‘ಗಟ್ಟಿ ಎಣ್ಣೆ ಸೋರಲ್ಲ’ ಅಂತ ಟ್ರ್ಯಾಕ್ಟರಿನ 90 ನಂಬರ್ ಎಣ್ಣೆ ಹುಯ್ಯುತ್ತಾರೆ. ಕ್ಲಚ್ ತಟ್ಟೆಗಳು ಅದರಲ್ಲಿ ಅಂಟಿಕೊಂಡು ಗೇರು ಬೀಳುವುದಿಲ್ಲ. ಆಮೇಲೆ ಕ್ಲಚ್ ಹಾಳಾಯಿತು ಅಂತ ಅದಕ್ಕೊಂದು ಖರ್ಚು.

ಕೊನೆಯದಾಗಿ ನನಗೇ ಇನ್ನೂ ಬಗೆಹರಿಯದ ಒಂದು ಸಂಗತಿ. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಬಂದಿದೆ. ಕಬ್ಬು, ಮೆಕ್ಕೆಜೋಳದವರಿಗೆ ಒಳ್ಳೆಯದೇ ಇರಬಹುದು, ಆ ಚರ್ಚೆ ಬೇರೆ. ನಮ್ಮ ಹಳೇ ಗಾಡಿಗಳ ರಬ್ಬರ್ ಎಥನಾಲಿಗೆ ಅಂತ ಮಾಡಿದ್ದಲ್ಲ. ನನ್ನ ಗಾಡಿಯ ಪೆಟ್ರೋಲ್ ಪೈಪು ಉಬ್ಬಿ ಮೆತ್ತಗಾಯಿತು. ಫ್ಲೋಟ್ ಸೂಜಿಯನ್ನು ವರ್ಷದಲ್ಲಿ ಎರಡು ಸಲ ಬದಲಿಸಿದೆ. ಹೆಚ್ಚು ದಿನ ಓಡಿಸದೆ ಇಡುವಾಗ ಈಗ ಕಾಕ್ ಮುಚ್ಚಿ, ಕಾರ್ಬುರೇಟರಿನಲ್ಲಿದ್ದದ್ದು ಮುಗಿಯುವವರೆಗೆ ಎಂಜಿನ್ ಓಡಿಸಿ ನಿಲ್ಲಿಸುತ್ತೇನೆ. ಈ ವೈಶಾಖದಲ್ಲಿ ಮತ್ತೆ ಅಳೆದಾಗ ಗೇರ್ ಎಣ್ಣೆ 40 ಮಿಲಿ ಕಡಿಮೆ ಬಂತು. ವೈಟಾನ್ ಎಂಬ ಜಾತಿಯ ರಬ್ಬರ್ ಸೀಲು ಎಥನಾಲಿಗೆ ಹೆಚ್ಚು ತಡೆಯುತ್ತದೆ ಎಂದು ಅಂಗಡಿಯವರ ಮಾತು ಕೇಳಿ ಎರಡು ತರಿಸಿ ಇಟ್ಟಿದ್ದೇನೆ. ಶೇಂಗಾ ಕಿತ್ತು ಮುಗಿದ ಮೇಲೆ ಎಂಜಿನ್ ಇಳಿಸುತ್ತೇನೆ, ಅಲ್ಲಿವರೆಗೆ ವಾರಕ್ಕೊಮ್ಮೆ ಮಟ್ಟ ನೋಡಿ ತುಂಬಿಸುತ್ತಿದ್ದೇನೆ. ಇಂಥ ಸೀಲು ಹಾಕಿಸಿ ಒಂದೆರಡು ವರ್ಷ ಓಡಿಸಿದವರು ನಮ್ಮ ಓದುಗರಲ್ಲಿ ಇದ್ದರೆ ಎಷ್ಟು ಬಾಳಿತು ಎಂದು ಪತ್ರಿಕೆಗೆ ಬರೆಯಿರಿ. ಅಳತೆ ಬರೆದಿಟ್ಟಿದ್ದರೆ ಅದನ್ನೂ ಸೇರಿಸಿ.